ವಜ್ರದಂಥ ಕೀಲಿಕೈ

"ನನ್ನ ಕೈಯಲ್ಲಿ ಗಟ್ಟಿಯಾಗದ ಉಕ್ಕು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ!" ಎಂದು ನಾನು ಘೋಷಿಸಿದಾಗ, ನನ್ನವಳು ಎರಡು ತುಂಡಾದ ಕೀಲಿಕೈ ಹಿಡಿದು ಮರದ ಬೀರುವಿನ ಮುಂದೆ ನಿಂತಿದ್ದಳು. ಒಳಗಿದ್ದದ್ದು ಅವಳು ಹೊಲಿದ ಮೊಟ್ಟಮೊದಲ ಕೋಟು. ಗಿರಾಕಿ ಬೇರೆ ಯಾರೂ ಅಲ್ಲ, ನಮ್ಮ ಕಾರ್ಖಾನೆಯ ಮ್ಯಾನೇಜರ್! ಸಂಜೆ ಐದಕ್ಕೆ ಬರುವವರಿದ್ದರು.

"ಬೀಗದವನನ್ನ ಕರೀರಿ."

"ಇಪ್ಪತ್ತು ವರ್ಷ ಉಕ್ಕು ಗಟ್ಟಿ ಮಾಡೋ ಕುಲುಮೆ ಮುಂದೆ ಬೆಂದವನ ಮನೆಗೆ ಬೀಗದವನಾ? ನಗ್ತಾರೆ ಕಣೇ! ಮೊಮ್ಮಕ್ಕಳ ಕಾಲಕ್ಕೂ ಸವೆಯದ ಕೀಲಿಕೈ ಮಾಡಿಕೊಡ್ತೀನಿ."

ಅಂಗಡಿಯಿಂದ ಹಲ್ಲು ಕೊರೆಯದ, ಉಕ್ಕಿನ ಬೋಳು ಕೀಲಿಕೈ ತಂದೆ. ತಗಡಿನ ಡಬ್ಬಿಯಲ್ಲಿ ಇದ್ದಿಲ ಪುಡಿಯ ನಡುವೆ ಹೂತು, ಮುಚ್ಚಳಕ್ಕೆ ಜೇಡಿಮಣ್ಣು ಮೆತ್ತಿ, ಹಿತ್ತಲಲ್ಲಿ ಕೆಂಡದ ನಡುವೆ ಇಟ್ಟು ಮೂರು ಗಂಟೆ ತಿದಿ ಒತ್ತಿದೆ. ಇದ್ದಿಲ ಸತ್ವ ಕುಡಿದ ಉಕ್ಕಿನ ಹೊರಮೈ ಕಲ್ಲಾಗುತ್ತದೆ; ಒಳಗು ಮೆತ್ತಗಿದ್ದು ಮುರಿಯದೆ ಬಾಳುತ್ತದೆ. ಕೆಂಪಗೆ ಕಾದದ್ದನ್ನು ಇಕ್ಕಳದಲ್ಲಿ ಎತ್ತಿ ಅಡುಗೆ ಎಣ್ಣೆಯ ಡಬ್ಬಕ್ಕೆ ಅದ್ದಿದೆ. ಚೊಂಯ್! ಹೊಗೆ ಕಂಡು ಪಕ್ಕದ ಮನೆಯಾಕೆ ಬಕೆಟ್ ನೀರು ಹಿಡಿದು ಓಡಿ ಬಂದಳು.

"ಎಣ್ಣೆ ಪೂರ್ತಿ ಹಾಳಾಯ್ತಲ್ರೀ!" ಎಂದಳು ನನ್ನವಳು.

"ಇತಿಹಾಸ ಹುಟ್ಟೋವಾಗ ಎಣ್ಣೆ ಮಾತ್ಯಾಕೆ?"

ಲೋಹ ಉಜ್ಜಿ ಸವೆಸುವ ಅರ ತೆಗೆದು ಕೀಲಿಕೈಗೆ ಉಜ್ಜಿದೆ. ಕಿರ್ರೆಂದು ಜಾರಿತು! ಒಂದು ಗೀರೂ ಇಲ್ಲ! "ನೋಡಿದ್ಯಾ? ಯಾವ ಅರಕ್ಕೂ ಜಗ್ಗಲ್ಲ!"

"ಸರಿ. ಈಗ ಹಲ್ಲು ಯಾವುದರಲ್ಲಿ ಕೊರೀತೀರಿ?"

ನಾನು ಏನು ಮಾಡಲಿ? ಕಾರ್ಖಾನೆಯಲ್ಲಿ ನನ್ನ ಕುಲುಮೆಗೆ ಬರುವಷ್ಟರಲ್ಲಿ ಪ್ರತಿಯೊಂದು ಚಕ್ರಕ್ಕೂ ಹಲ್ಲು ಮೂಡಿರುತ್ತದೆ. ಕೊರೆಯುವುದು ನನ್ನ ವಿಭಾಗವೇ ಅಲ್ಲ!

ಗಂಟೆ ನಾಲ್ಕೂ ಮುಕ್ಕಾಲು. ಬೀರುವಿನ ಬಾಗಿಲನ್ನೇ ಕಳಚಲು ಅವಳು ಸ್ಕ್ರೂಡ್ರೈವರ್ ಹಾಕಿದಳು. ಹೊರಗೆ ಕಾಣುವ ಬಾಗಿಲ ಕೀಲುಗಳ ಸ್ಕ್ರೂಗಳು ತುಕ್ಕು ಹಿಡಿದಿದ್ದವು. ಸ್ಕ್ರೂಡ್ರೈವರಿನ ತುದಿಯೇ ಮಡಚಿಕೊಂಡಿತು. ನನ್ನ ಕೈಯಿಂದ ಬೋಳು ಕೀಲಿಕೈ ಕಿತ್ತುಕೊಂಡು ಅದರ ಅಂಚನ್ನು ಸ್ಕ್ರೂವಿಗೆ ಕೊಟ್ಟು ತಿರುವಿದಳು. ಕರ್ರ್! ಒಂದು, ಎರಡು, ಆರೂ ಬಿಚ್ಚಿಕೊಂಡವು. ಕೀಲಿಕೈಗೆ ಕೂದಲೆಳೆಯಷ್ಟೂ ಗಾಯವಿಲ್ಲ!

ಮ್ಯಾನೇಜರ್ ಬಂದರು, ಕೋಟು ತೊಟ್ಟರು, ಕನ್ನಡಿಯ ಮುಂದೆ ಮೂರು ಸುತ್ತು ತಿರುಗಿದರು. "ಹೇಳಿ ಮಾಡಿಸಿದ ಹಾಗಿದೆಯಮ್ಮಾ!" ಆಮೇಲೆ ಅವರ ಕಣ್ಣು ಕಳಚಿದ ಬಾಗಿಲನ್ನು ತಬ್ಬಿ ನಿಂತಿದ್ದ ನನ್ನ ಮೇಲೂ, ಅವಳ ಕೈಯಲ್ಲಿದ್ದದ್ದರ ಮೇಲೂ ಬಿತ್ತು.

"ಇದೇನಿದು?"

"ಸ್ಕ್ರೂಡ್ರೈವರ್ ಸಾರ್. ಇವರೇ ಮಾಡಿದ್ದು."

ಅವರು ಅದಕ್ಕೆ ಅರ ಉಜ್ಜಿ ನೋಡಿದರು. "ಭೇಷ್! ಇಷ್ಟು ಗಟ್ಟಿ ಸ್ಕ್ರೂಡ್ರೈವರ್ ನಾನು ಕಂಡೇ ಇಲ್ಲ. ಹೇಗ್ರೀ ಮಾಡಿದ್ರಿ?"

ನಾನು ಎದೆಯುಬ್ಬಿಸಿ ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು:

"ಕೀಲಿಕೈ ಮಾಡೋಕೆ ಹೋಗಿ, ಸಾರ್!"