ತಾರಸಿ ಅಜ್ಜಿಯ ಲೈನು

ಹೆಂಡತಿ: ಬಾಕ್ಸ್ ಬದಲಾಯಿಸಿದ್ರಿ, ಸರಿ. ಬಾಕ್ಸಿಗೆ ಹೋಗೋ ವೈರ್ ಬದಲಾಯಿಸಿದ್ರಿ, ಅದೂ ಸರಿ. ಇನ್ನು ಟೀಚರ್ ಮನೇಲಿ ಬದಲಾಯಿಸೋಕೆ ಉಳಿದಿರೋದು ಟೀಚರ್ ಒಬ್ಬರೇ.

ವೈರಣ್ಣ: ಅದೊಂದು ನನ್ನ ಕೈಲಿದ್ದಿದ್ರೆ ಮೊದಲನೇ ದಿನವೇ ಬದಲಾಯಿಸಿ ಬರ್ತಿದ್ದೆ ಕಣೇ.

ಹೆಂಡತಿ: ತಮಾಷೆ ಬೇಡ ರೀ. ಬೆಳಗ್ಗೆಯಿಂದ ಆರು ಸಲ ಫೋನ್ ಮಾಡಿದಾರೆ. ಹನ್ನೊಂದಕ್ಕೆ ಆನ್‌ಲೈನ್ ಕಸೂತಿ ಕ್ಲಾಸು. ಈಗ ಹತ್ತೂಕಾಲು.

ಮನೆಯ ಮುಂದಿನ ಕೋಣೆಯೇ ಅವರ ಆಫೀಸು. ಮೂಲೆಯ ಕಬ್ಬಿಣದ ಬೀರುವಿನಲ್ಲಿ ಹಸಿರು ದೀಪಗಳು ಮಿಣುಕುತ್ತಿರುತ್ತವೆ. ಬಡಾವಣೆಯ ನೂರೈವತ್ತು ಮನೆಗಳಿಗೆ ಇಂಟರ್‌ನೆಟ್ ಹೋಗುವುದು ಅಲ್ಲಿಂದ. ಕಂಬ ಹತ್ತುವುದು ಗಂಡ, ಫೋನ್ ಎತ್ತುವುದು ಹೆಂಡತಿ. ಸದಾ ಹೆಗಲ ಮೇಲೆ ಕೇಬಲ್ ಸುರುಳಿ ಹೊತ್ತು ತಿರುಗುವ ಗಂಡನಿಗೆ ಬಡಾವಣೆಯವರು ವೈರಣ್ಣ ಎಂದು ಹೆಸರಿಟ್ಟು ಹತ್ತು ವರ್ಷವಾಗಿತ್ತು. ಹೆಂಡತಿಯ ಬಾಯಿಗೆ ಇನ್ನೂ ಯಾರೂ ಹೆಸರಿಡುವ ಧೈರ್ಯ ಮಾಡಿರಲಿಲ್ಲ.

ವೈರಣ್ಣ: ಒಂದು ದಿನ ನೆಟ್ ಇಲ್ದಿದ್ರೆ ಕಸೂತಿ ಏನು ಓಡಿಹೋಗತ್ತಾ?

ಹೆಂಡತಿ: ಓಡಿಹೋಗೋದು ಕಸೂತಿ ಅಲ್ಲ, ಗಿರಾಕಿಗಳು. ಇವತ್ತು ಯಾವುದೋ ತರಬೇತಿ ಸಂಸ್ಥೆಯವರು ಅವರ ಕ್ಲಾಸ್ ನೋಡ್ತಾರಂತೆ. ಒಪ್ಪಿಗೆ ಆದ್ರೆ ವರ್ಷ ಪೂರ್ತಿ ಅವರಿಗೇ ಕೋರ್ಸು. ಇವತ್ತೂ ವಿಡಿಯೋ ನಿಂತ್ರೆ ಹಿಂದಿನ ಬೀದಿ ಹನ್ನೊಂದು ಮನೆಯವರೂ ಸೇರಿ ಬೇರೆ ದೊಡ್ಡ ಇಂಟರ್‌ನೆಟ್ ಕಂಪನಿಗೆ ಹೋಗ್ತಾರಂತೆ. ಸಹಿ ಕೂಡ ಹಾಕಿಸಿಟ್ಟಿದಾರೆ.

ವೈರಣ್ಣ: ಹನ್ನೊಂದೂ ಮನೆನಾ?

ಹೆಂಡತಿ: ಹನ್ನೊಂದೂ. ನಮ್ಮ ಅತ್ತಿಗೆ ಸಹಿ ಮೊದಲನೇದು.

ವೈರಣ್ಣ ಕುರ್ಚಿಯಲ್ಲಿ ಕುಸಿದ. ಹೆಂಡತಿ ದೂರಿನ ಪುಸ್ತಕ ತೆಗೆದು ಅವನ ಮೂಗಿನ ಕೆಳಗೆ ಹಿಡಿದಳು.

ಹೆಂಡತಿ: ಇಲ್ಲಿ ನೋಡಿ. ಸೋಮವಾರ, ಗುರುವಾರ. ಮತ್ತೆ ಸೋಮವಾರ, ಗುರುವಾರ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಒಂದು. ಬೇರೆ ಹೊತ್ತಲ್ಲಿ ಒಂದೇ ಒಂದು ದೂರಿಲ್ಲ.

ವೈರಣ್ಣ: ಆ ಹೊತ್ತಲ್ಲಿ ಎಲ್ಲರೂ ಒಟ್ಟಿಗೆ ನೋಡ್ತಾರೆ, ಅದಕ್ಕೇ.

ಹೆಂಡತಿ: ಮಂಗಳವಾರ ಕಣ್ಣು ಮುಚ್ಕೊಂಡಿರ್ತಾರಾ? ಇನ್ನೊಂದು ಕೇಳಿ. ಹೋದ ಸೋಮವಾರ ಜಡಿ ಮಳೆ. ಅವತ್ತು ಒಬ್ಬರೂ ಫೋನ್ ಮಾಡಿಲ್ಲ.

ವೈರಣ್ಣ: ಏನೇ ನೀನು! ಮಳೆ ಬಂದ್ರೆ ಊರವರ ನೆಟ್ಟೆಲ್ಲಾ ಹೋಗತ್ತೆ. ನಮ್ಮದು ಮಾತ್ರ ಮಳೆ ಬಂದ್ರೆ ಬರತ್ತೆ ಅಂತೀಯಾ?

ಹೆಂಡತಿ: ನಾನು ಅನ್ನಲ್ಲ, ಪುಸ್ತಕ ಅನ್ನತ್ತೆ. ಬಾಕ್ಸ್ ಬಿಟ್ಟು ಕೇಬಲ್ ಹಿಡ್ಕೊಂಡು ನಡೀರಿ. ನಾನೂ ಬರ್ತೀನಿ.

ಇಬ್ಬರೂ ತಲೆಯೆತ್ತಿಕೊಂಡು ಕೇಬಲ್ ಹೋದ ದಾರಿಯಲ್ಲೇ ಹೋದರು. ಮೊದಲ ಕಂಬ ಸರಿ, ಎರಡನೆಯದು ಸರಿ. ಅಲ್ಲಿಂದ ಕೇಬಲ್ ಮೂಲೆಮನೆಯ ತಾರಸಿ ಹಾದು ಹಿಂದಿನ ಬೀದಿಗೆ ಇಳಿಯುತ್ತದೆ. ವೈರಣ್ಣ ಮೆಟ್ಟಿಲು ಹತ್ತಿ ತಾರಸಿಯ ಬಾಗಿಲಲ್ಲೇ ನಿಂತುಬಿಟ್ಟ. ಅವನ ಕೇಬಲ್ ಮೇಲೆ ನಾಲ್ಕು ದೊಡ್ಡ ಬೆಡ್‌ಶೀಟ್‌ಗಳು ನೀರು ತೊಟ್ಟಿಕ್ಕಿಸುತ್ತಾ ನೇತಾಡುತ್ತಿದ್ದವು. ಕೇಬಲ್ ಜೋಲಿಯ ಹಾಗೆ ಜಗ್ಗಿ, ತಾರಸಿಯ ಕಟ್ಟೆಯ ಅಂಚಿನಲ್ಲಿ ಮೊಣಕೈಯಂತೆ ಮಡಚಿಕೊಂಡಿತ್ತು. ಪಕ್ಕದಲ್ಲಿ ಮನೆಯ ಯಜಮಾನಿ ಅಜ್ಜಿ ಐದನೆಯದನ್ನು ಬಕೆಟ್ಟಿನಿಂದ ಎತ್ತುತ್ತಿದ್ದಳು.

ವೈರಣ್ಣ: ಅಜ್ಜೀ! ಏನು ಮಾಡ್ತಿದೀರಾ?

ಅಜ್ಜಿ: ಕಣ್ಣು ಕಾಣಲ್ವೇನಪ್ಪಾ? ಬಟ್ಟೆ ಒಣಗಿಸ್ತಿದೀನಿ. ಬಂದಿದ್ದು ಒಳ್ಳೇದಾಯ್ತು. ನೀನು ಕಟ್ಟಿದ ಲೈನ್ ಯಾಕೋ ಸಡಿಲ ಆಗಿದೆ, ಸ್ವಲ್ಪ ಬಿಗಿ ಮಾಡು.

ವೈರಣ್ಣ: ಅದು ಬಟ್ಟೆ ಲೈನಲ್ಲ ಅಜ್ಜಿ!

ಅಜ್ಜಿ: ನೀನೇ ತಾನೇ ಹೇಳಿದ್ದು? "ಅಜ್ಜಿ, ನಿಮ್ಮ ತಾರಸಿ ಮೇಲೆ ಒಂದು ಲೈನ್ ಎಳೀತೀನಿ, ಬೇಡ ಅನ್ಬೇಡಿ" ಅಂದೆ. ಪಾಪ, ಹುಡುಗನಿಗೆ ಎಷ್ಟು ಒಳ್ಳೆ ಮನಸ್ಸು ಅಂದ್ಕೊಂಡೆ.

ಹೆಂಡತಿ: ರೀ, ಹಾಗಾ ಹೇಳಿದ್ದು ನೀವು?

ವೈರಣ್ಣ: ಲೈನ್ ಅಂದೆ. ಲೈನ್ ಅಂದ್ರೆ ಇಂಟರ್‌ನೆಟ್ ಲೈನ್!

ಅಜ್ಜಿ: "ಮುಟ್ಟಿದ್ರೆ ಏನೂ ಆಗಲ್ಲ, ಇದರಲ್ಲಿ ಕರೆಂಟ್ ಇಲ್ಲ" ಅಂತಾನೂ ನೀನೇ ಹೇಳಿದ್ದೆ. ಬಟ್ಟೆ ಹಾಕೋಳಿಗಲ್ದೆ ಇನ್ಯಾರಿಗೆ ಹೇಳ್ತಾರೆ ಆ ಮಾತು?

ವೈರಣ್ಣ: ಕರೆಂಟ್ ಇಲ್ಲ ನಿಜ. ಇದರೊಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ ಇದೆ. ಅದರೊಳಗೆ ಬೆಳಕು ಓಡತ್ತೆ. ಭಾರ ಬಿದ್ದು ಮಡಚಿದ್ರೆ ಬೆಳಕು ಅಲ್ಲೇ ಸೋರಿಹೋಗತ್ತೆ.

ಅಜ್ಜಿ ಕೇಬಲ್ ಕೆಳಗೆ ಬಗ್ಗಿ ನೆಲ ನೋಡಿದಳು.

ಅಜ್ಜಿ: ನೀರು ಬಿಟ್ಟು ಇನ್ನೇನೂ ಸೋರಿಲ್ವಲ್ಲಪ್ಪಾ.

ವೈರಣ್ಣ: ಕಣ್ಣಿಗೆ ಕಾಣೋ ಬೆಳಕಲ್ಲ ಅದು!

ಅಜ್ಜಿ: ಕಾಣದ ಬೆಳಕು, ಇಲ್ಲದ ಕರೆಂಟು. ಮಗಳೇ, ನಿನ್ನ ಗಂಡ ಬೆಳಗ್ಗೆ ಏನಾದ್ರೂ ತಿಂದಿದಾನಾ?

ಹೆಂಡತಿ: ಬೈಗುಳ ಬಿಟ್ಟು ಇನ್ನೇನೂ ತಿಂದಿಲ್ಲ ಅಜ್ಜಿ. ದಯವಿಟ್ಟು ಈ ಬೆಡ್‌ಶೀಟ್ ತೆಗೀರಿ. ಹತ್ತು ನಿಮಿಷದಲ್ಲಿ ಕಸೂತಿ ಟೀಚರ್ ಕ್ಲಾಸು ಶುರು.

ಅಜ್ಜಿ: ಅದೇ ಕಷ್ಟ. ಇವು ನನ್ನವಲ್ಲ, ಟೀಚರಮ್ಮಂದೇ.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಜ್ಜಿ: ಅವರ ಮನೇಲಿ ಬಿಸಿಲು ಬೀಳಲ್ಲ. ಕ್ಲಾಸಿರೋ ದಿನ, ಕಸೂತಿಗೆ ಹಾಕಿದ ಪೆನ್ಸಿಲ್ ಗೆರೆ ಹೋಗ್ಲಿ ಅಂತ ತೊಳೆದು ಇಲ್ಲಿಗೆ ಕಳಿಸ್ತಾರೆ. ಒಣಗಿದ ಮೇಲೆ ಕ್ಲಾಸಿನ ಕೊನೇಲಿ ಎಲ್ಲರಿಗೂ ತೋರಿಸ್ತಾರಂತೆ.

ಹೆಂಡತಿ: ಸೋಮವಾರ, ಗುರುವಾರ!

ವೈರಣ್ಣ: ತಮ್ಮ ನೆಟ್ಟಿಗೆ ತಾವೇ ಒದ್ದೆ ಬಟ್ಟೆ ಹಾಕ್ಕೊಂಡು ನನಗೆ ಮೂರು ಸಲ ಬಾಕ್ಸ್ ಬದಲಾಯಿಸೋ ಹಾಗೆ ಮಾಡಿದ್ರಾ? ತಡೀರಿ, ಈಗಲೇ ಕಿತ್ತು ಹಾಕ್ತೀನಿ.

ಅಜ್ಜಿ: ಕೈ ಹಚ್ಚಿದ್ರೆ ನೋಡು! ಹಸಿ ಇರುವಾಗ ಎಳೆದ್ರೆ ಕಸೂತಿ ಕಿತ್ತು ಬರತ್ತೆ ಅಂತ ಅವರು ನನ್ನ ಹತ್ರ ಮಾತು ತಗೊಂಡಿದಾರೆ. ಅವರು ಹೂಂ ಅನ್ನೋವರೆಗೂ ನಾನು ಬಿಡಲ್ಲ.

ವೈರಣ್ಣ ಫೋನ್ ತೆಗೆದ. ಹನ್ನೊಂದು ಹೊಡೆದಿತ್ತು. ಟೀಚರ್ ಎರಡು ಕೈಯಲ್ಲೂ ಸೂಜಿದಾರ ಹಿಡಿದಿದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಕಂಪ್ಯೂಟರ್ ಪಕ್ಕದಲ್ಲಿಟ್ಟಿದ್ದರು. ಚಿತ್ರ ನಿಂತು ನಿಂತು ಹೋಗುತ್ತಿದ್ದರೂ ಮಾತು ಮಾತ್ರ ನಲವತ್ತು ವಿದ್ಯಾರ್ಥಿನಿಯರಿಗೂ, ಸಂಸ್ಥೆಯವರಿಗೂ ಸ್ಪಷ್ಟವಾಗಿ ಕೇಳುತ್ತಿತ್ತು. ಇದು ವೈರಣ್ಣನಿಗೆ ಗೊತ್ತಿರಲಿಲ್ಲ.

ವೈರಣ್ಣ: ಟೀಚರ್, ನಿಮ್ಮ ಬಟ್ಟೆ ತೆಗೀಬೇಕು.

ಟೀಚರ್: ಏನಂದ್ರಿ?

ವೈರಣ್ಣ: ನಿಮ್ಮ ಬಟ್ಟೆ. ನೀವು ಹೂಂ ಅಂದ್ರೆ ಸಾಕು, ಎರಡೇ ನಿಮಿಷ. ನಾನೇ ತೆಗೀತೀನಿ.

ಟೀಚರ್: ಯಾರ್ರೀ ನೀವು?

ವೈರಣ್ಣ: ನಾನೇ ಟೀಚರ್, ವೈರಣ್ಣ! ಮೆಲ್ಲಗೆ ತೆಗೀತೀನಿ, ಒಂದು ಎಳೆನೂ ಹರಿಯಲ್ಲ.

ಫೋನಿನೊಳಗಿಂದ ಹಲವು ಹೆಂಗಸರು ಒಟ್ಟಿಗೆ ಉಸಿರೆಳೆದುಕೊಂಡ ಸದ್ದು ಬಂತು. ಹೆಂಡತಿ ಹಣೆ ಚಚ್ಚಿಕೊಂಡು ಫೋನ್ ಕಿತ್ತುಕೊಂಡಳು.

ಹೆಂಡತಿ: ಟೀಚರ್, ತಪ್ಪು ತಿಳ್ಕೋಬೇಡಿ. ಇವರು ಹೇಳಿದ್ದು ಹಾಸಿಗೆ ಮೇಲೆ...

ಫೋನ್ ಕಟ್ಟಾಯಿತು.

ವೈರಣ್ಣ: ಹಾಸಿಗೆ ಮೇಲೆ ಹಾಸೋದು ಅಂತ ಪೂರ್ತಿ ಹೇಳೋಕೆ ಏನಾಗಿತ್ತು ನಿನಗೆ?

ಹೆಂಡತಿ: ನೀವು ಬೆಡ್‌ಶೀಟ್ ಅಂತ ಮೊದಲೇ ಅಂದಿದ್ರೆ ಹಾಸಿಗೆ ತನಕ ನಾನ್ಯಾಕೆ ಹೋಗ್ಬೇಕಿತ್ತು?

ಅಷ್ಟರಲ್ಲಿ ಹಿಂದಿನ ಬೀದಿಯ ಎದುರುಮನೆಯ ಮಹಡಿಯ ಕಿಟಕಿ ದಡಾರನೆ ತೆರೆಯಿತು. ಕನ್ನಡಕ ತಲೆಯ ಮೇಲೆ, ಸೂಜಿ ಕೈಯಲ್ಲಿ, ಟೀಚರ್.

ಟೀಚರ್: ಎಲ್ಲಿ ಆ ವೈರಣ್ಣ?

ಅಜ್ಜಿ: ಹೆದರ್ಬೇಡ ಟೀಚರಮ್ಮಾ! ನಾನೂ ಇಲ್ಲೇ ಇದೀನಿ, ಅವನ ಹೆಂಡ್ತಿನೂ ಇದಾಳೆ. ನಿನ್ನ ಬೆಡ್‌ಶೀಟ್ ತೆಗೀಬೇಕಂತೆ, ಅದು ನಿನ್ನ ನೆಟ್ ಮೇಲೆ ಕೂತಿದೆಯಂತೆ!

ಟೀಚರ್ ಬೆಡ್‌ಶೀಟ್ ನೋಡಿದರು. ಅದರ ಕೆಳಗೆ ಜಗ್ಗಿದ ಕೇಬಲ್ ನೋಡಿದರು. ಆ ಕೇಬಲ್ ಹಿಡಿದು ಕಣ್ಣು ಬರುತ್ತಾ ಬರುತ್ತಾ ತಮ್ಮದೇ ಕಿಟಕಿಗೆ ಬಂದು ಮುಟ್ಟಿತು. ಮುಖ ಕೆಂಪಾಯಿತು.

ಟೀಚರ್: ತೆಗೀರಿ! ಬೇಗ ತೆಗೀರಿ!

ಒಳಗಿನ ಕ್ಲಾಸಿನಲ್ಲಿ ನಗು ಸ್ಫೋಟವಾಯಿತು. ಟೀಚರ್ ನಾಲಿಗೆ ಕಚ್ಚಿಕೊಂಡು ಕಿಟಕಿಯಿಂದ ಮಾಯವಾದರು.

ಹೆಂಡತಿ ಒಂದು ತುದಿ, ಅಜ್ಜಿ ಒಂದು ತುದಿ ಹಿಡಿದು, ಮಲಗಿದ ಮಗುವನ್ನು ಎತ್ತುವ ಹಾಗೆ ಒಂದೊಂದೇ ಬೆಡ್‌ಶೀಟ್ ಇಳಿಸಿದರು. ಕೇಬಲ್ ಮೇಲೆದ್ದಿತು. ವೈರಣ್ಣ ಚೀಲದಿಂದ ನೈಲಾನ್ ಹಗ್ಗ ತೆಗೆದ.

ವೈರಣ್ಣ: ಅಜ್ಜಿ, ಆ ನೆರಳಿನ ಗೋಡೆ ಪಕ್ಕ ನಿಮಗೆ ಗಟ್ಟಿ ಹಗ್ಗ ಕಟ್ಕೊಡ್ತೀನಿ.

ಅಜ್ಜಿ: ನೆರಳಲ್ಲಿ ಬಟ್ಟೆ ಒಣಗತ್ತಾ? ನಿನ್ನ ಕೇಬಲ್ಲಿಗೆ ಬೆಳಕು ಒಳಗೇ ಇದೆ ಅಂದ್ಯಲ್ಲ, ಅದಕ್ಯಾಕೆ ಬಿಸಿಲು? ಅದನ್ನ ನೆರಳಿಗೆ ಹಾಕು, ಹಗ್ಗ ಇಲ್ಲಿ ಕಟ್ಟು.

ವೈರಣ್ಣ ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡು ಏಣಿ ಹತ್ತಿದ.

ಹೆಂಡತಿ: ಇವರನ್ನ ಇಷ್ಟು ಬೇಗ ಬಾಯಿ ಮುಚ್ಚಿಸೋದು ನನಗೂ ಬಂದಿಲ್ಲ ಅಜ್ಜಿ. ವಾರಕ್ಕೊಂದು ದಿನ ಬಂದು ಕಲೀಲಾ?

ಕಟ್ಟೆಯ ಮರೆಯಲ್ಲಿ, ಗೋಡೆಗುಂಟ ಕೇಬಲ್ ಕೂರಿಸಿ ಇಳಿಯುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆಯಾಗಿತ್ತು. ಆಫೀಸಿಗೆ ಬಂದು ಕುಳಿತ ಕೂಡಲೇ ಫೋನ್ ರಿಂಗಾಯಿತು.

ವೈರಣ್ಣ: ಟೀಚರೇ. ನಾನಿಲ್ಲ ಅನ್ನು. ಸತ್ತೆ ಅನ್ನು.

ಹೆಂಡತಿ: ಸತ್ರೂ ಬಾಕ್ಸ್ ನೋಡ್ಕೊಂಡು ಹೋಗ್ಲಿ ಅಂತಾರೆ. ಹಲೋ, ಹೇಳಿ ಟೀಚರ್. ಕ್ಲಾಸ್ ಹೇಗಾಯ್ತು?

ಟೀಚರ್: ಕೋರ್ಸ್ ಸಿಕ್ಕಿತಮ್ಮಾ! ಸಂಸ್ಥೆಯವರು ಅಷ್ಟು ನಕ್ಕಿದ್ದು ನಾನು ನೋಡೇ ಇಲ್ಲ. ಇಷ್ಟು ಲವಲವಿಕೆಯ ಕ್ಲಾಸ್ ಎಲ್ಲೂ ಇಲ್ಲ ಅಂದ್ರು. ಸಹಿ ಹಾಕಿಸಿದ ಹಾಳೇನ ಹರಿದು ಹಾಕಿದೆ. ಆದರೆ...

ವೈರಣ್ಣ ಕಣ್ಣು ಮುಚ್ಚಿದ.

ಟೀಚರ್: ಮೊದಲು ತಪ್ಪು ಹೊಲಿಗೆ ಬಿದ್ದಾಗ ಚಿತ್ರ ನಿಂತಿರ್ತಿತ್ತು. ಅಷ್ಟರಲ್ಲಿ ಬಿಚ್ಚಿ ಸರಿ ಮಾಡ್ಬಿಡ್ತಿದ್ದೆ. ಚಿತ್ರ ಬಂದಾಗ ಹೂವು ಅರಳಿರ್ತಿತ್ತು. ಎಲ್ಲರೂ, ಆಹಾ, ಎಂಥ ಕೈ ಅಂತಿದ್ರು. ಇವತ್ತು ನಾನು ತಪ್ಪಿದ್ದು, ಬಿಚ್ಚಿದ್ದು, ಬೈಕೊಂಡಿದ್ದು, ಒಂದೂ ಬಿಡದೆ ಕಾಣಿಸ್ಬಿಟ್ಟಿದೆ! ಇದಕ್ಕೇನಾದ್ರೂ ಮಾಡೋಕಾಗತ್ತಾ?

ಹೆಂಡತಿ: ದೂರು ಬರ್ಕೊಂಡಿದೀನಿ ಟೀಚರ್. ಇವರು ನೋಡ್ತಾರೆ.

ಫೋನ್ ಇಟ್ಟ ಮೇಲೂ ಅವಳು ಪುಸ್ತಕದಲ್ಲಿ ಗಂಭೀರವಾಗಿ ಬರೆಯುತ್ತಲೇ ಇದ್ದಳು. ವೈರಣ್ಣ ಒಂದು ಕಣ್ಣು ತೆರೆದ.

ವೈರಣ್ಣ: ಇದನ್ನ ಏನಂತ ಬರೀತೀಯೇ?

ಹೆಂಡತಿ: ಇನ್ನೇನಂತ? "ಟೀಚರ್ ಮನೆ. ನೆಟ್ ನಿಲ್ತಾನೇ ಇಲ್ಲ."