ಬಲಗಡೆಯ ಪೆಟ್ಟಿಗೆಯ ದೋಷ

ಅರವತ್ತು ದಾಟಿದವರ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಏನೋ ಒಂದು ಕೆಟ್ಟಿರುತ್ತದೆ. ಕೆಟ್ಟದ್ದು ಯಾವುದೆಂದು ಗೊತ್ತಾಗುವಷ್ಟರಲ್ಲಿ ಕೆಡದೆ ಇದ್ದದ್ದನ್ನೆಲ್ಲ ರಿಪೇರಿ ಮಾಡಿಸಿ ಆಗಿರುತ್ತದೆ.

೧. ಕಾಗದ

ಸದಾಶಿವನಗರದ ಕಿವಿ ಡಾಕ್ಟರು ನನ್ನನ್ನು ಗಾಜಿನ ಡಬ್ಬಿಯಂಥ ಕೋಣೆಯಲ್ಲಿ ಕೂರಿಸಿ, ಕುಂಯ್ ಅಂದಾಗಲೆಲ್ಲ ಗುಂಡಿ ಒತ್ತಿ ಅಂದರು. ಅಂದಾಗಲೆಲ್ಲ ಒತ್ತಿದೆ. ಹೊರಗೆ ಬಂದಾಗ ಅವರ ಕೈಯಲ್ಲಿ ಒಂದು ಕಾಗದ. ಅದರ ಮೇಲೆ ಎರಡು ಗೆರೆ. ಒಂದು ಗೆರೆ ಅರ್ಧ ದಾರಿ ನೆಟ್ಟಗೆ ನಡೆದು, ಆಮೇಲೆ ಬಾವಿಗೆ ಬಿದ್ದಂತೆ ಕೆಳಗೆ ಹೋಗಿತ್ತು.

“ಬಲಗಿವಿ ಮ್ಯಾಲಿನ ಸಣ್ಣ ಸ್ವರ ಬಿಟ್ಟುಕೊಟ್ಟೈತ್ರಿ. ಎಡದ್ದು ಇನ್ನೂ ಸ್ವಲ್ಪ ದಿನ ನಡೀತೈತಿ.”

“ಆಮ್ಯಾಲೆ?”

“ಮಷೀನ್ ಹಾಕೂಣು. ಅಲ್ಲೀತನಕ ಏನರ ಕೇಳೂದಿದ್ರ ಕೇಳಿಬಿಡ್ರಿ.”

ಆಸೆ ಬಿಟ್ಟ ರೋಗಿಯ ಮನೆಯವರಿಗೆ ‘ಏನು ಕೇಳತಾರೋ ತಿನ್ನಾಕ ಕೊಡ್ರಿ’ ಎನ್ನುತ್ತಾರಲ್ಲ, ಅದೇ ಧ್ವನಿ. ನನಗೆ ಕೇಳಬೇಕಾದದ್ದು ಒಂದೇ ಇತ್ತು. ಇಪ್ಪತ್ತರ ವಯಸ್ಸಿನಲ್ಲಿ ಗೆಳೆಯನೊಬ್ಬನ ಮನೆಯಲ್ಲಿ, ಎರಡು ದೊಡ್ಡ ಸ್ಪೀಕರ್‌ಗಳ ನಡುವೆ ಕೂತು ತಂಬೂರಿ ಕೇಳಿದ್ದೆ. ಹಾಡಿಲ್ಲ, ತಬಲಾ ಇಲ್ಲ, ಬರೀ ತಂಬೂರಿ. ಎರಡೂ ಕಡೆಯಿಂದ ಬಂದು ಎದೆಯಲ್ಲಿ ಕೂತಿತ್ತು. ಅದನ್ನು ಇನ್ನೊಮ್ಮೆ, ಎರಡೂ ಕಿವಿಯಿಂದ, ಕೇಳಬೇಕು.

ಬಲಗಿವಿ ಹೋಗಿದೆ ಎಂಬುದನ್ನು ನಾನು ನಂಬಲಿಲ್ಲ. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿದ್ದವನು. ಕಾಗದಗಳನ್ನು ಹೇಗೆ ತಯಾರಿಸುತ್ತಾರೆಂದು ನನಗೆ ಗೊತ್ತು.

೨. ಜೋಡಿ

ಕ್ಯಾಂಪ್ ಬಡಾವಣೆಯ ಹಳೇ ಬಂಗಲೆಯೊಂದರಲ್ಲಿ ವಯಸ್ಸಾದ ಹೆಂಗಸೊಬ್ಬರು ತೀರಿಹೋದ ಗಂಡನ ಸ್ಪೀಕರ್ ಕೊಡುತ್ತಾರೆಂದು ಸುದ್ದಿ ಬಂತು. ಹೋಗಿ ನೋಡಿದೆ. ಸೊಂಟದೆತ್ತರದ ತೇಗದ ಪೆಟ್ಟಿಗೆಗಳು. ಒಂದರ ಮೇಲೆ ಮನಿಪ್ಲಾಂಟ್, ಇನ್ನೊಂದರ ಮೇಲೆ ಯಜಮಾನರ ಫೋಟೊ. ಮುಂದಿನ ಬಟ್ಟೆ ಸರಿಸಿ, ನಡುಗಿ ಸ್ವರ ಹೊರಡಿಸುವ ಕಾಗದದ ಕೋನಿನ ಸುತ್ತ ಇದ್ದ ಫೋಮಿನ ಉಂಗುರಕ್ಕೆ ಬೆರಳು ತಾಗಿಸಿದೆ. ಕಟಕ ರೊಟ್ಟಿಯಂತೆ ಪುಡಿಯಾಗಿ ಉದುರಿತು.

“ಮುಟ್ಟಬ್ಯಾಡ್ರಿ,” ಅಂದರು ಅವರು. “ಈ ಮನ್ಯಾಗ ಎಲ್ಲಾ ಹಂಗ ಐತಿ. ನೋಡಾಕ ಛಲೋ, ಮುಟ್ಟಿದ್ರ ಪುಡಿ.”

“ಎರಡೂ ಹಾಡತಾವೇನ್ರಿ?”

“ಒಂದ ಹಾಡತೈತಿ.”

“ಒಂದರ ಮ್ಯಾಲೆ ನಡ್ಯಾಂಗಿಲ್ರಿ ಬಾಯಾರ. ಇವು ಜೋಡೀನ ಇರಬೇಕು.”

ಅವರು ಫೋಟೊ ಎತ್ತಿಕೊಂಡು ಗಾಜು ಒರೆಸಿದರು. “ನಾ ಹನ್ನೊಂದು ವರ್ಷ ಆತು, ಒಂದರ ಮ್ಯಾಲೆ ನಡಸಾಕ ಹತ್ತೇನಿ. ನಿಮಗ ಬ್ಯಾಡಾದ್ರ ಬಿಡ್ರಿ.”

ಎರಡನ್ನೂ ತಂದೆ. ಮನಿಪ್ಲಾಂಟನ್ನೂ ಒಯ್ಯಿರಿ ಅಂದರು, ಅದೂ ಒಣಗಿತ್ತು.

೩. ಬಿಳಿ ಚಾದರ

ದಾರಿಯಲ್ಲಿ ಗೀರು ಬೀಳಬಾರದೆಂದು ಎರಡನ್ನೂ ಬಿಳಿ ಚಾದರದಲ್ಲಿ ಸುತ್ತಿ ಗೂಡ್ಸ್ ರಿಕ್ಷಾದಲ್ಲಿ ಮಲಗಿಸಿದ್ದೆ. ಮನೆ ಮುಂದೆ ಡ್ರೈವರ್ ಒಂದು ತುದಿ, ನಾನೊಂದು ತುದಿ ಹಿಡಿದು ಇಳಿಸುವಾಗ ಎದುರು ಮನೆಯವರು ಚಪ್ಪಲಿ ಬಿಟ್ಟು ಕೈಮುಗಿದು ನಿಂತರು. ನಾವು ಒಳಗೆ ಹೋಗಿ ಬಂದು ಎರಡನೆಯದನ್ನು ಹೊರಗೆಳೆದಾಗ ಅವರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಾಗಿಲಲ್ಲಿದ್ದ ನನ್ನ ಹೆಂಡತಿಯ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು.

“ಇಬ್ಬರೂ ಒಮ್ಮೆಲೆ ಹೋದ್ರೇನ್ರಿ?”

“ಒಂದಕ್ಕ ಇನ್ನೂ ಜೀವ ಐತಂತ್ರಿ,” ಅಂದಳು ಅವಳು. “ಖಾನಾಪುರಕ್ಕ ಒಯ್ದು ತೋರಸ್ತಾರಂತ.”

೪. ಎಡ, ಬಲ

ಖಾನಾಪುರದಲ್ಲಿ ಒಬ್ಬ ಹಳೇ ರೇಡಿಯೊ ಮಿಸ್ತ್ರಿ ಇದ್ದಾರೆ. ಎಪ್ಪತ್ತೈದರ ಮೇಲೆ. ಎಲ್ಲರಿಗೂ ಕಾಕಾ. ಕನ್ನಡದಲ್ಲಿ ಮಾತಾಡುತ್ತಾರೆ, ಮರಾಠಿಯಲ್ಲಿ ಬೈಯುತ್ತಾರೆ. ಅಂಗಡಿಯ ಮಾಡಿನವರೆಗೂ ರಿಪೇರಿಯಾದ ರೇಡಿಯೊಗಳು, ಒಂದೊಂದಕ್ಕೂ ಹೆಸರಿನ ಚೀಟಿ. ಯಾರೂ ಒಯ್ದಿಲ್ಲವಲ್ಲ ಅಂದೆ.

“ರೇಡಿಯೊ ಗುಣ ಆಗೂದ್ರಾಗ ಮಾಲಕರು ಹೋದ್ರು,” ಅಂದರು.

ಧೈರ್ಯ ತಂದುಕೊಂಡು ಪೆಟ್ಟಿಗೆ ಒಪ್ಪಿಸಿದೆ. ಫೋಮು ಬೇಡವೇ ಬೇಡ ಅಂದರು. “ನಮ್ಮೂರ ಮಳಿಗೆ ಫೋಮು ನಿಲ್ಲಾಂಗಿಲ್ಲ ಸಾಹೇಬ್ರ. ಆಡಿನ ತೊಗಲು ಹಾಕತೇನಿ.” ತೆಳ್ಳಗೆ ಕೆರೆದ ತೊಗಲಿನ ಉಂಗುರ ಕತ್ತರಿಸಿ ಕೋನಿಗೆ ಅಂಟಿಸಿದರು. ಒಣಗಿದ ಕೆಪ್ಯಾಸಿಟರ್ ಕಿತ್ತು ಹೊಸವು ಹಾಕಿದರು. ಸಣ್ಣ ಸ್ವರ ಹಾಡುವ ಟ್ವೀಟರ್ ಎರಡನ್ನೂ ಮೊದಲಿಗಿಂತ ಮೇಲಿನ ದರ್ಜೆಯವಕ್ಕೆ ಬದಲಿಸಿದರು. ಎಂಟು ದಿನದ ಕೆಲಸ ಎರಡು ತಿಂಗಳಲ್ಲಿ ಮುಗಿಯಿತು. ನಾನು ತಂದ ಪೆನ್‌ಡ್ರೈವ್‌ನಿಂದ ತಂಬೂರಿ ಹಚ್ಚಿದರು. ಎಡದಿಂದ ತಂತಿಯ ಝೇಂಕಾರ ಬಂತು. ಬಲದಿಂದ, ಗೋಡೆಯಾಚೆ ಹಿಟ್ಟಿನ ಗಿರಣಿ ನಡೆದಂತೆ ಏನೋ ಬಂತು.

“ಕಾಕಾ, ಬಲಗಡೀದು ಮಂದ ಐತಿ.”

“ಬಲಗಡೀದು ಬಂಗಾರ ಐತಿ. ಎಡಗಡೀದು ಮಂದ.”

“ಎಡಗಡೀದು ಖಣಖಣ ಅಂತೈತಲ್ರಿ.”

“ಐವತ್ತು ವರ್ಷ ಆತು ಸಾಹೇಬ್ರ, ಕೇಳೂದ ನನ್ನ ಕೆಲಸ. ನೀವು ಆಫೀಸಿನ್ಯಾಗ ಏನ್ ಕೇಳತಿದ್ರಿ?”

ಆಫೀಸಿನಲ್ಲಿ ನಾನು ಯಾರ ಮಾತೂ ಕೇಳುತ್ತಿರಲಿಲ್ಲ.

ಪೆಟ್ಟಿಗೆಗಳನ್ನು ಅದಲುಬದಲು ಮಾಡಿದೆವು. ಬಲದ್ದು ಎಡಕ್ಕೆ ಹೋದೊಡನೆ ಗುಣವಾಯಿತು. ಎಡದ್ದು ಬಲಕ್ಕೆ ಬಂದೊಡನೆ ಕೆಟ್ಟಿತು. ಕಾಕಾನ ಪ್ರಕಾರ ಸರಿಯಾಗಿ ಇದರ ಉಲ್ಟಾ. ಇಬ್ಬರೂ ಬಹಳ ಹೊತ್ತು ಯೋಚಿಸಿ, ದೋಷ ಪೆಟ್ಟಿಗೆಯಲ್ಲಿಲ್ಲ, ಜಾಗದಲ್ಲಿದೆ ಎಂಬ ಒಮ್ಮತಕ್ಕೆ ಬಂದೆವು. ಪೆಟ್ಟಿಗೆಗಳ ಹಿಂದೆ ಸಣ್ಣ ಸ್ವರ ಏರಿಸಿ ಇಳಿಸುವ ತಿರುಪು ಒಂದೊಂದು ಇತ್ತು. ಹೊರಡುವ ಮುಂಚೆ ಕಾಕಾ ಎಡದ್ದನ್ನು ಪೂರ್ತಿ ಏರಿಸಿದರು. ಮನೆಗೆ ಬಂದು ನಾನು ಬಲದ್ದನ್ನು ಪೂರ್ತಿ ಏರಿಸಿದೆ.

೫. ತೂಕ

ಆದರೂ ಬಲಗಡೆ ಮಂದವೇ. ಗೋಡೆಯ ಹತ್ತಿರದ ಕಪಾಟು ಸ್ವರ ಕುಡಿಯುತ್ತಿದೆಯೆಂದು ತೀರ್ಮಾನಿಸಿ ಅದನ್ನು ಅಡುಗೆಮನೆಗೆ ದೂಡಿದೆ. ಹೆಂಡತಿ ಮೂರು ದಿನ ಮಾತಾಡಲಿಲ್ಲ. ಅಥವಾ ಬಲಗಡೆಯಿಂದ ಮಾತಾಡಿದಳೋ ಏನೋ.

ಪೆಟ್ಟಿಗೆ ನಡುಗಿದರೆ ಸಣ್ಣ ಸ್ವರ ಸಾಯುತ್ತದೆ, ಕೆಳಗೆ ಭಾರ ಇಡಬೇಕು ಎಂದು ಯಾರೋ ಅಂದರು. ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಪರಿಚಯದವರೊಬ್ಬರು ಎರಡು ಬೀಡು ಕಬ್ಬಿಣದ ಪೀಠ ಎರಕ ಹೊಯ್ದು ಕೊಟ್ಟರು. ಎತ್ತಲು ಮೂವರು ಬೇಕಾಯಿತು. ಒಮ್ಮೆ ಮನೆಗೆ ಬಂದು ಕೇಳಿ ಹೇಳಿರಿ ಅಂದೆ. ಮೂರು ಸಲ ಅನ್ನಬೇಕಾಯಿತು.

“ಕೇಳಾಕ ನಮ್ಮನ್ನ ಕರೀಬ್ಯಾಡ್ರಿ,” ಎಂದು ಅವರು ಕೂಗಿ ಹೇಳಿದರು. “ನಾವು ತೂಕ ಅಷ್ಟ ಹೇಳಾವ್ರು. ಕಿವಿ ಎಲ್ಲಾ ಇಲ್ಲೇ ಭಟ್ಟಿಗೆ ಹಾಕೇವಿ.”

೬. ಪರೀಕ್ಷೆ

ಕಡೆಗೆ ಕಾಕಾ ತಮ್ಮ ಐವತ್ತು ವರ್ಷದ ಹೆಸರು ಉಳಿಸಿಕೊಳ್ಳಲು ಖಾನಾಪುರದಿಂದ ಬಸ್ಸು ಹತ್ತಿ ಬಂದರು. ತಂಬೂರಿ ಹಚ್ಚಿ, ಅಕ್ಕಪಕ್ಕ ಕೂತು, ಬಲ ಅಂತ ನಾನು, ಎಡ ಅಂತ ಅವರು, ಅರ್ಧ ತಾಸು ಜಗಳಾಡಿದೆವು. ಹೆಂಡತಿ ಚಹಾ ತಂದಳು.

“ಎರಡೂ ಒಂದ ನಮೂನಿ ಕಿವಿ ಚುಚ್ಚತಾವಲ್ರಿ,” ಅಂದಳು.

ಅವಳಿಗೆ ಸಂಗೀತದ ಗಂಧವಿಲ್ಲ. ಆದ್ದರಿಂದ ಇಬ್ಬರೂ ಲೆಕ್ಕಕ್ಕೆ ಹಿಡಿಯಲಿಲ್ಲ.

“ಒಂದು ಕೆಲಸ ಮಾಡ್ರಿ. ಒಂದೊಂದು ಕಿವಿ ಮುಚ್ಚಿಕೊಂಡು ಕೇಳ್ರಿ,” ಅಂದಳು ಮತ್ತೆ ಅವಳೇ.

ನಾನು ಎಡಗಿವಿ ಮುಚ್ಚಿದೆ. ತಂತಿಗಳು ಹೋದವು. ಗುಂ ಎಂಬುದೊಂದು ಉಳಿಯಿತು. ಕಾಗದದ ಗೆರೆ ಬಾವಿಗೆ ಇಳಿದ ಜಾಗ ಇದೇ ಇರಬೇಕು.

ಕಾಕಾ ಬಲಗಿವಿ ಮುಚ್ಚಿಕೊಂಡು ಕಾದರು. ಸ್ವಲ್ಪ ಹೊತ್ತಾದ ಮೇಲೆ, “ಹಚ್ರಿ ಅಕ್ಕಾರ,” ಅಂದರು. ಹಾಡುತ್ತಲೇ ಇದೆ ಎಂದು ಅವಳು ಕೈಸನ್ನೆ ಮಾಡಿದಳು.

ಅವರು ಕೈ ಇಳಿಸಿ ಚಹಾ ಪೂರ್ತಿ ಕುಡಿದರು. ಕಪ್ಪು ಬಶಿ ಕೆಳಗಿಟ್ಟು ಹೇಳಿದರು: “ಖಾನಾಪುರ ತಾಲೂಕಿನ್ಯಾಗ ನಾ ಮುಟ್ಟಿದ್ದ ಎಲ್ಲಾ ಸೆಟ್ಟಿನ್ಯಾಗೂ ಎಡಗಡೀದು ಜೋರ ಇಟ್ಟೇನಿ. ಎಲ್ಲಾರೂ ಛಲೋ ಐತಿ ಅಂದಿದ್ರು.”

“ನಿಮಗ ಅಂಜಿ ಅಂದಿರಬೇಕ್ರಿ,” ಅಂದಳು ಅವಳು.

ಆಮೇಲೆ ನಡೆಯಬೇಕಾದದ್ದು ಒಂದೇ. ಅವಳನ್ನು ನಡುವಿನ ಖುರ್ಚಿಯಲ್ಲಿ ಕೂರಿಸಿದೆವು. ಬಲದ ಪೆಟ್ಟಿಗೆಯ ಹಿಂದೆ ನಾನು, ಎಡದ್ದರ ಹಿಂದೆ ಕಾಕಾ, ತಿರುಪು ಹಿಡಿದು ಕುಕ್ಕರುಗಾಲಲ್ಲಿ ಕೂತೆವು. ಅವಳು ಕೈಯಿಂದ ಇಳಿಸಿರಿ ಅಂದಾಗ ಇಳಿಸಿದೆವು, ಸಾಕು ಅಂದಾಗ ಬಿಟ್ಟೆವು. ಎದ್ದು ಬಂದು ಅವಳ ಮುಖ ನೋಡುತ್ತ ನಿಂತೆವು, ಆಪರೇಷನ್ ಕೋಣೆಯಿಂದ ಹೊರಬಂದ ಡಾಕ್ಟರ ಮುಖ ನೋಡುವವರಂತೆ.

ಅವಳು ಕಣ್ಣು ಮುಚ್ಚಿ, ಕೈ ಮಡಿಲಲ್ಲಿಟ್ಟುಕೊಂಡು, ಅಲುಗಾಡದೆ ಕೂತಿದ್ದಳು. ಮೂವತ್ತೈದು ವರ್ಷದಲ್ಲಿ ಅವಳು ಹೀಗೆ ಕೂತದ್ದನ್ನು ನಾನು ನೋಡಿರಲಿಲ್ಲ. ನಾನು ಎಡಗಿವಿ ಅವಳ ಕಡೆ ಮಾಡಿ ಕೇಳಿದೆ.

“ಹೆಂಗೈತಿ?”

“ಭಾಳ ಛಲೋ ಐತ್ರಿ. ಎರಡೂ ಕಡೆಯಿಂದ ಬರಾಕ ಹತ್ತೈತಿ.”

ಕಾಕಾ ಕಣ್ಣೊರೆಸಿಕೊಂಡರು. ನಾನು ಗೋಡೆಯ ಕಡೆ ನೋಡಿದೆ. ತಂಬೂರಿ ಹತ್ತು ನಿಮಿಷ ನಡೆಯಿತು. ಆಮೇಲೆ ಅವಳು ಒಂದು ಕಣ್ಣು ತೆರೆದಳು.

“ಹಾಡು ಯಾವಾಗ ಸುರು ಆಗತೈತ್ರಿ?”