ಕಾಲು ಕಮ್ಮಿ, ಮುಕ್ಕಾಲು ಕಮ್ಮಿ

ಕೆಲವರಿಗೆ ಹಾವು ಕಂಡರೆ ಭಯ, ಕೆಲವರಿಗೆ ಅತ್ತೆ ಕಂಡರೆ ಭಯ. ನಾನು ಹೆದರುತ್ತಿದ್ದದ್ದು ಒಂದು ಸಣ್ಣ ಅಡ್ಡಗೀಟಿಗೆ. ಕಳೆಯುವ ಲೆಕ್ಕದಲ್ಲಿ ಎರಡು ಸಂಖ್ಯೆಗಳ ನಡುವೆ ಬಂದರೆ ಹೇಗೋ ಸುಧಾರಿಸಿಕೊಳ್ಳುತ್ತಿದ್ದೆ. ಕಾಲು, ಅರೆ, ಮುಕ್ಕಾಲುಗಳ ಹಿಂದೆ ಒಂಟಿಯಾಗಿ ಬಂದು ನಿಂತಿತೋ, ಪುಸ್ತಕ ಮುಚ್ಚಿ ಎದ್ದುಬಿಡುತ್ತಿದ್ದೆ. ಪುಸ್ತಕದಲ್ಲಿ ಅದಕ್ಕೆ ಋಣ ಭಾಗಲಬ್ಧ ಸಂಖ್ಯೆ ಎಂಬ ಹೆಸರು. ಅದಕ್ಕೂ ನನಗೂ ಋಣ ತೀರಿತು ಎಂದುಕೊಂಡು, ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದನ್ನು ಬಾಕಿ ಉಳಿಸಿ, ಮದುವೆಯಾಗಿ ಜಾವಳಿ ಹತ್ತಿರದ ಈ ಪುಟ್ಟ ಕಾಫಿ ತೋಟಕ್ಕೆ ಬಂದೆ. ತೀರಿರಲಿಲ್ಲ. ಊರಿಗೆ ಅಂಗನವಾಡಿ ಬಂತು, ಟೀಚರ್ ಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು ಎಂದರು. ಮಕ್ಕಳೆಂದರೆ ನನಗೆ ಪ್ರಾಣ. ಮನೆಯಿಂದಾಚೆ ನನ್ನದೂ ಅಂತ ಒಂದು ಕೆಲಸ ಇರಬೇಕೆಂಬ ಆಸೆ ಬಹಳ ದಿನದ್ದು. ನಡುವೆ ಆ ಅಡ್ಡಗೀಟು.

ಗಣಿತದ ಪರೀಕ್ಷೆಗೆ ಮತ್ತೆ ಕಟ್ಟಿದೆ. ನಮ್ಮವರು ಕಲಿಸಲು ಕೂತರು. ಎದುರಿಗೆ ಕೂತು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ನಡುವೆ ಸೊನ್ನೆ ಬರೆದು, “ಸೊನ್ನೆಯಿಂದ ಎಡಕ್ಕೆ ಹೋದಷ್ಟೂ ಚಿಕ್ಕದು, ಗೊತ್ತಾಯ್ತಾ?” ಎಂದರು.

“ಯಾರ ಎಡಕ್ಕೆ? ನಿಮ್ಮ ಎಡಕ್ಕೋ, ನನ್ನ ಎಡಕ್ಕೋ?” ಎಂದೆ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದು. ಅವರು ಸೀಮೆಸುಣ್ಣ ಅಲ್ಲೇ ಇಟ್ಟು ತೋಟಕ್ಕೆ ಹೋದವರು ಊಟಕ್ಕೇ ಬಂದದ್ದು. ಮುಕ್ಕಾಲು ಕಾಲಿಗಿಂತ ದೊಡ್ಡದು ಎಂದು ಇಡೀ ಪ್ರಪಂಚ ಒಪ್ಪಿರುವಾಗ, ಹಿಂದೊಂದು ಗೀಟೆಳೆದ ಮಾತ್ರಕ್ಕೆ ಅದು ಚಿಕ್ಕದಾಗುವುದು ಯಾವ ನ್ಯಾಯ?

ಆಗ ಹೂಮಳೆಯ ಕಾಲ. ಆ ಮಳೆ ಬಿದ್ದರೆ ಕಾಫಿ ಗಿಡ ಹೂ ಬಿಡುತ್ತದೆ, ಇಲ್ಲದಿದ್ದರೆ ವರ್ಷವೇ ಹೋಯಿತು. ಹಾಗಾಗಿ ಆ ದಿನಗಳಲ್ಲಿ ನಮ್ಮ ಕಡೆ ಯಾರೂ ಯಾರನ್ನೂ ‘ಚೆನ್ನಾಗಿದ್ದೀರಾ’ ಎಂದು ಕೇಳುವುದಿಲ್ಲ, ‘ಎಷ್ಟಾಯ್ತು?’ ಎನ್ನುತ್ತಾರೆ. ಉತ್ತರ ಇಂಚಿನಲ್ಲಿ ಬರಬೇಕು. ನಮ್ಮ ಅತ್ತೆ ಬೆಳಿಗ್ಗೆ ಕಾಫಿಗೂ ಮೊದಲು ಅಂಗಳದ ಮಳೆಮಾಪಕ ನೋಡಿ, ಕಳಸದಲ್ಲಿರುವ ತಮ್ಮ ತಂಗಿಗೆ ಫೋನು ಮಾಡುತ್ತಿದ್ದರು. ಅಕ್ಕತಂಗಿಯರ ಪ್ರೀತಿ ದೊಡ್ಡದು, ಮಳೆಯ ಪೈಪೋಟಿ ಅದಕ್ಕಿಂತ ಒಂದು ತೂಕ ಹೆಚ್ಚು.

ಒಂದು ಬೆಳಿಗ್ಗೆ ಫೋನಿಟ್ಟು ಬಂದವರ ಮುಖದಲ್ಲಿ ಕಳೆಯೋ ಕಳೆ.

“ನಮ್ಗೆ ಹೋದ್ವರ್ಷಕ್ಕಿಂತ ಕಾಲು ಇಂಚು ಕಮ್ಮಿ. ಅವ್ರಿಗೆ ಮುಕ್ಕಾಲು ಇಂಚು ಕಮ್ಮಿಯಂತೆ” ಎಂದರು.

“ಎರಡೂ ಕಡೆ ಕಮ್ಮೀನೇ ಅಲ್ವಾ ಅತ್ತೆ? ಮತ್ತೆ ಖುಷಿ ಯಾಕೆ?”

“ಅಲ್ಲ ಮಾರಾಯ್ತಿ, ಅವ್ರದ್ದು ಮುಕ್ಕಾಲು ಕಮ್ಮಿ, ನಮ್ದು ಬರೀ ಕಾಲು. ನಮ್ದೇ ಮೇಲಲ್ವಾ?”

ಒಲೆಯ ಮೇಲಿನ ರೊಟ್ಟಿ ಸೀಯುತ್ತಿತ್ತು, ಸೀಯಲಿ ಎಂದು ಬಿಟ್ಟೆ. ಪುಸ್ತಕ ತಂದು ನೋಡಿದರೆ, ಋಣ ಕಾಲು ಋಣ ಮುಕ್ಕಾಲಿಗಿಂತ ದೊಡ್ಡದು ಎಂದು ಅಲ್ಲೂ ಅತ್ತೆಯ ಮಾತನ್ನೇ ಬರೆದಿದ್ದರು.

ಎರಡು ದಿನ ಬಿಟ್ಟು ಅತ್ತೆ ಮತ್ತೆ ಫೋನಿಗೆ ಓಡಿದರು. ಮಾಪಕದ ಬಾಯಿಗೆ ಸಿಲ್ವರ್ ಮರದ ಎಲೆ ಅಡ್ಡ ಕೂತು, ಕಾಲು ಇಂಚು ನೀರು ಹೊರಗೆ ಹೋಗಿತ್ತಂತೆ. “ಆ ಕಾಲು ಕಮ್ಮಿ ಅಂದಿದ್ನಲ್ಲ, ಅದನ್ನ ತೆಗ್ದುಬಿಡು ಮಾರಾಯ್ತಿ, ಈಗ ಹೋದ್ವರ್ಷಕ್ಕೆ ಸರಿಸಮ” ಎಂದು ತಂಗಿಗೆ ಹೇಳುತ್ತಿದ್ದರು. ಕಮ್ಮಿಯನ್ನು ಕಳೆದರೆ ಕೂಡಿದ ಹಾಗೆ. ಮೇಷ್ಟರು ವರ್ಷವಿಡೀ ಹೇಳಿದರೂ ತಲೆಗೆ ಹೋಗದ್ದು ಒಂದು ಒಣಗಿದ ಎಲೆಯಿಂದ ಹೋಯಿತು. ನನಗೆ ಅಳು ಬಂತು, ಸಂತೋಷಕ್ಕೆ.

ಪರೀಕ್ಷೆಯ ದಿನ ಮೂಡಿಗೆರೆಯಲ್ಲಿ, ನನ್ನ ಅರ್ಧ ವಯಸ್ಸಿನವರ ನಡುವೆ ಕೂತು ಬರೆಯುತ್ತಿದ್ದಾಗ ಹೆಂಚಿನ ಮೇಲೆ ಪಟಪಟ ಸದ್ದು ಶುರುವಾಯಿತು. ಹೂವಾದ ಮೇಲೆ ಕಾಯಿ ಕಚ್ಚಲು ಬೇಕಾದ ಮಳೆ, ನಾವು ಬ್ಯಾಕಿಂಗ್ ಎನ್ನುವುದು. ಮೇಲ್ವಿಚಾರಕರು ನಮ್ಮನ್ನೆಲ್ಲ ಮರೆತು ಕಿಟಕಿಗೆ ಹೋಗಿ ನಿಂತರು, ಅವರಿಗೂ ತೋಟವಿರಬೇಕು. ಪ್ರಶ್ನೆಪತ್ರಿಕೆಯಲ್ಲಿ ಅದೇ ಕಾಲು, ಅರೆ, ಮುಕ್ಕಾಲು, ಹಿಂದೆ ಅದೇ ಗೀಟು. ಏರಿಕೆ ಕ್ರಮದಲ್ಲಿ ಬರೆಯಿರಿ ಎಂದಿತ್ತು. ಮೊದಲು ಕಳಸದ ಚಿಕ್ಕತ್ತೆಯನ್ನು ಬರೆದೆ, ನಡುವೆ ಅರೆ, ಕೊನೆಗೆ ನಮ್ಮ ತೋಟ. ಮನೆಗೆ ಬರುವ ಬಸ್ಸಿನಲ್ಲಿ ನನ್ನ ತಪ್ಪು ಹೊಳೆಯಿತು. ಮೂರೂ ಸಂಖ್ಯೆಗಳ ಮುಂದೆ ‘ಇಂಚು’ ಎಂದು ಬರೆದು ಬಂದಿದ್ದೆ.

ಪಾಪ, ತಿದ್ದಿದವರು ಮಲೆನಾಡಿನವರೇ ಇದ್ದಿರಬೇಕು. ಪಾಸಾದೆ. ಅತ್ತೆ ಕಳಸಕ್ಕೆ ಫೋನು ಮಾಡಿ, “ನಮ್ ಸುಜಾತ ಪಾಸು ಕಣೆ. ಫಸ್ಟ್ ಕ್ಲಾಸಿಗೆ ಸ್ವಲ್ಪ ಕಮ್ಮಿ, ಅಷ್ಟೆ” ಎಂದರು. ಆ ಸ್ವಲ್ಪ ಎಷ್ಟೆಂದು ನಾನು ಬಾಯಿ ಬಿಡಲಿಲ್ಲ.

ಅಂಗನವಾಡಿಯ ಕೆಲಸವೂ ಸಿಕ್ಕಿತು. ಅಷ್ಟು ಒದ್ದಾಡಿ ಕಲಿತದ್ದು ಅಲ್ಲಿ ಬೇಕಾಗಲೇ ಇಲ್ಲ. ಅಲ್ಲಿನ ಗಣಿತ ಒಂದರಲ್ಲಿ ಶುರುವಾಗಿ ಹತ್ತರಲ್ಲಿ ಮುಗಿಯುತ್ತದೆ, ಆಮೇಲೆ ಉಪ್ಪಿಟ್ಟು. ಮೊನ್ನೆ ಮಾತ್ರ ಒಂದು ಪುಟ್ಟ ಹುಡುಗಿ ಸೆರಗು ಎಳೆದು, “ಟೀಚರ್, ಒಂದಕ್ಕಿಂತ ಮುಂಚೆ ಏನಿರುತ್ತೆ?” ಎಂದಳು.

“ಸೊನ್ನೆ.”

“ಅದಕ್ಕಿಂತ ಮುಂಚೆ?”

ನನ್ನ ಭಾಗ್ಯ ಬಾಗಿಲಿಗೆ ಬಂದಿತ್ತು. ಸೀಮೆಸುಣ್ಣ ತೆಗೆದುಕೊಂಡು ಅವಳ ಎದುರಿಗೆ ಕೂತೆ, ಉದ್ದಕ್ಕೊಂದು ಗೆರೆಯನ್ನೂ ಎಳೆದೆ. ಎಡ ಯಾರದು ಎಂಬ ನನ್ನದೇ ಹಳೆಯ ಪ್ರಶ್ನೆ ಥಟ್ಟನೆ ನೆನಪಾಯಿತು.

“ಮಳೆ ಬರ್ಲಿ ಪುಟ್ಟಿ, ಹೇಳ್ತೀನಿ” ಎಂದೆ.